ಇನ್ನು ಹತ್ತೇ ದಿನ, ಟಿಕೆಟ್ ಆಗಲೇ ಜೇಬಲ್ಲಿದೆ

ದಾವಣಗೆರೆಯಲ್ಲಿ ಸ್ವೀಡನ್ನಿನ ‘ಅಬ್ಬಾ’ ಅನ್ನೋ ನಾಲ್ವರ ಪಾಪ್ ಗುಂಪಿನ ಹಾಡುಗಳನ್ನು ಪೋಣಿಸಿ ನಾಟಕ ಮಾಡುತ್ತಾರೆ ಅಂದಾಗ ನಾನು ನಂಬಲೇ ಇಲ್ಲ. ನಮ್ಮೂರಿನ ಹವ್ಯಾಸಿ ತಂಡದ್ದೇ. ಮೊನ್ನೆ ಗುಂಡಿ ಸರ್ಕಲ್ ಹತ್ತಿರ ರಿಹರ್ಸಲ್ ನೋಡಲು ಬಿಟ್ಟರು, ಎರಡು ತಾಸು ಕೂತಲ್ಲಿಂದ ಎದ್ದಿಲ್ಲ.

1999ರಲ್ಲಿ ಲಂಡನ್ನಿನಲ್ಲಿ ಬಂದ ‘ಮಮ್ಮಾ ಮಿಯಾ’ ನಾಟಕದಲ್ಲೂ ಅಬ್ಬಾದ್ದೇ ಹಾಡುಗಳು, ಆದರೆ ಕಥೆ ಒಬ್ಬ ತಾಯಿ-ಮಗಳದ್ದು. ಇಲ್ಲಿ ಆ ನಾಲ್ವರದ್ದೇ ಕಥೆ. 1974ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದದ್ದು, ಎರಡು ಜೋಡಿಗಳ ಮದುವೆ, ಅದು ಮುರಿದ ಮೇಲೂ ಜೊತೆಗೆ ನಿಂತು ಹಾಡಿದ್ದು. ನನಗೆ ಇದೇ ಜಾಸ್ತಿ ಇಷ್ಟ.

ಗುಂಪಿನ ಗಾಯಕಿಯರಾದ ಅಗ್ನೆತಾ, ಫ್ರಿಡಾ ಪಾತ್ರದ ಹುಡುಗಿಯರಿಬ್ಬರು ಒಂದೇ ಮೈಕ್ ಮುಂದೆ ನಿಂತು, ಉಸಿರು ಎಲ್ಲಿ ತಗೋಬೇಕು ಅಂತ ಬೆರಳಲ್ಲಿ ತೊಡೆ ತಟ್ಟಿಕೊಳ್ಳುತ್ತಾ ಒಂದೇ ಸಾಲನ್ನು ಹನ್ನೊಂದು ಸಲ ಹಾಡಿದರು, ಕೊನೇ ಸಲ ಎರಡು ದನಿ ಒಂದೇ ಆಗಿ ಕೇಳಿದಾಗ ಮೈ ಜುಮ್ಮೆಂದಿತು. ಕೀಬೋರ್ಡ್ ಮಾತ್ರ ತುಂಬಾ ಜೋರು, ಮಾತೇ ಮುಚ್ಚಿಹೋಗುತ್ತದೆ. ಅದನ್ನು ಸರಿ ಮಾಡಲೇಬೇಕು. ಡ್ರೆಸ್ ಚೆನ್ನಾಗಿದೆ.

ಟಿಕೆಟ್ 150 ರೂಪಾಯಿ. ಅಕ್ಕನಿಗೂ ಒಂದು ತಗೊಂಡಿದ್ದೇನೆ, ಅವಳ ಕ್ಯಾಸೆಟ್‌ನಲ್ಲೇ ಅಲ್ವಾ ನಾನು ಇವರನ್ನು ಮೊದಲು ಕೇಳಿದ್ದು. ಮೊದಲನೇ ಸಾಲೇ ಸಿಕ್ಕಿದೆ.