ಇ-ಸಿಮ್ಮಾ, ಪ್ಲಾಸ್ಟಿಕ್ ಸಿಮ್ಮಾ?

ಆಗಾಗ ಫೋನ್ ಬದಲಿಸುವವರಿಗೆ ಪ್ಲಾಸ್ಟಿಕ್ ಸಿಮ್ಮೇ ಸಲೀಸು. ಹ್ಯಾಂಡ್‌ಸೆಟ್ ಕೆಟ್ಟರೆ ಕಾರ್ಡ್ ತೆಗೆದು ಬೇರೆ ಫೋನಿಗೆ ಹಾಕಿದರಾಯಿತು, ಯಾರನ್ನೂ ಕೇಳಬೇಕಿಲ್ಲ. ಇ-ಸಿಮ್ ಹಾಗಲ್ಲ. ಅದು ಫೋನಿನೊಳಗೇ ಕೂರಿಸಿದ ಚಿಪ್. ನಂಬರ್ ಸಾಗಿಸಲು ಕಂಪನಿಯ ಆ್ಯಪ್ಪೋ ಕ್ಯೂಆರ್ ಕೋಡೋ ಬೇಕು, ಸಾಮಾನ್ಯವಾಗಿ ಇಂಟರ್ನೆಟ್ ಕೂಡ. ಸ್ಕ್ರೀನ್ ಒಡೆದು ಫೋನ್ ಸತ್ತ ದಿನ ಇದು ತಲೆನೋವೇ ಅಲ್ವಾ?

ಆದರೆ ಕಳ್ಳ ಅದನ್ನು ಕಿತ್ತು ಎಸೆಯಲಾರ, ಹಾಗಾಗಿ ಕಳೆದ ಫೋನ್ ಹುಡುಕಲು ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ. ದೇಶ ಸುತ್ತುವವರಿಗಂತೂ ಇ-ಸಿಮ್ಮೇ ಸರಿ: ಒಂದೇ ಫೋನಿನಲ್ಲಿ ಹಲವು ಪ್ರೊಫೈಲ್, ಅಂದರೆ ಬೇರೆ ಬೇರೆ ಕಂಪನಿಗಳ ಸಂಪರ್ಕ, ಇಟ್ಟುಕೊಳ್ಳಬಹುದು.

ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಂದ ಸಿಮ್ ಟ್ರೇ 2022ರಲ್ಲೇ, ಐಫೋನ್ 14ರ ಜೊತೆ ಮಾಯವಾಯಿತು. 2025ರ ಐಫೋನ್ ಏರ್‌ನಲ್ಲಿ ಯಾವ ದೇಶದಲ್ಲೂ ಟ್ರೇ ಇಲ್ಲ. ಎರಡೂ ಇರುವ ಫೋನ್ ಸಿಕ್ಕರೆ ನನ್ನ ಓಟು ಅದಕ್ಕೇ.