ಹಾಸನದಲ್ಲಿ ಹಾಕಿ ಹಾಕೋ ಬಾರು: ಟಿವಿಗೆ ಕಮ್ಮಿ ಮಾರ್ಕ್ಸು, ಜನಕ್ಕೆ ಫುಲ್ ಮಾರ್ಕ್ಸು

ಹಾಸನದಲ್ಲಿ ಬಿಗ್ ಸ್ಕ್ರೀನು, ಲೈವ್ ಮ್ಯಾಚು ಅಂತ ಫ್ಲೆಕ್ಸ್ ಕಟ್ಟಿರೋ ಬಾರುಗಳೆಲ್ಲ ಕ್ರಿಕೆಟ್ ಬಾರುಗಳೇ ಕಣ್ರೀ. ಹಾಕಿ ಮ್ಯಾಚ್ ಹಾಕಿ ಅಂದ್ರೆ ಸಾಕು, ನಾವೇನೋ ಬಾರಲ್ಲಿ ಕೂತು ಭಜನೆ ಚಾನಲ್ ಕೇಳ್ದಂಗೆ ಕ್ಯಾಷಿಯರ್ ಮುಖ ನೋಡ್ತಾನೆ. ಅಂಥದ್ರಲ್ಲಿ ಕೇಳಿದ್ರೆ ಬೈಕೊಳ್ದೆ ಹಾಕೋ ಜಾಗ ಒಂದಿದೆ, ಎನ್.ಆರ್. ಸರ್ಕಲಿಂದ ನಡ್ಕೊಂಡೇ ಹೋಗ್ಬಹುದು, ಬಿ.ಎಂ. ರೋಡಿಂದ ಒಳಕ್ಕೆ ತಿರುಗಿದ್ರೆ ಮೊದಲ್ನೇ ಮಹಡಿ. ಹೆಸರು ಬರೀತಿಲ್ಲ, ಮುಂದೆ ಒಂದಷ್ಟು ಬೈಯೋದಿದೆ, ಆಮೇಲೆ ಅಲ್ಲೇ ಹೋಗಿ ಕೂರ್ಬೇಕಲ್ಲ ನಾನು. ಹಾಕಿ ನೋಡೋರಿಗೆ ಎಷ್ಟೊತ್ತಿಗೂ ಗೊತ್ತಿರುತ್ತೆ ಯಾವ್ದು ಅಂತ, ಗೊತ್ತಿಲ್ದಿರೋರು ಕೊಡ್ಲಿಪೇಟೆ ಸೋಮವಾರಪೇಟೆ ಕಡೆಯೋರು ಯಾರಾದ್ರೂ ಹಾಸನದಲ್ಲಿ ಕೆಲಸ ಮಾಡ್ತಿದ್ರೆ ಕೇಳಿ, ಹೇಳ್ತಾರೆ.

ಕೆಳಗಡೆ ಮಾಮೂಲಿ ಹಾಲ್, ಒಂದು ನೈಂಟಿ, ಒಂದು ಪ್ಲೇಟ್ ಕಡ್ಲೆಬೀಜ, ಮುಗಿಸ್ಕೊಂಡು ಬಸ್ಸಿಗೆ ಓಡೋರದ್ದು. ಮೇಲ್ಗಡೆ ಎಸಿ ಹಾಲು, ಅಲ್ಲಿ ಎರಡು ಟಿವಿ, ದೊಡ್ಡದು ಎದುರು ಗೋಡೆಗೆ, ಚಿಕ್ಕದು ಕ್ಯಾಷ್ ಕೌಂಟರ್ ಮೇಲೆ. ಪಕ್ಕದಲ್ಲಿ ಮರದ ಪಾರ್ಟಿಷನ್ ಹಾಕಿ ಫ್ಯಾಮಿಲಿ ರೂಮ್ ಅಂತ ಮಾಡಿದಾರೆ, ಅದ್ರಲ್ಲಿ ಟಿವಿನೇ ಇಲ್ಲ. ಹೆಂಗಸರು ಮ್ಯಾಚ್ ನೋಡಲ್ಲ ಅಂತ ಯಾರು ಹೇಳಿದ್ರೋ ಓನರಿಗೆ. ನನ್ನ ಹೆಂಡತಿ ಹೈಸ್ಕೂಲಲ್ಲಿ ತಾಲ್ಲೂಕು ಲೆವೆಲ್ ಹಾಕಿ ಆಡಿರೋಳು, ಅವಳನ್ನ ಕರ್ಕೊಂಡು ಹೋದ್ರೆ ಸಪ್ಲೈಯರ್ ಹುಡುಗ ಸೀದಾ ಫ್ಯಾಮಿಲಿ ರೂಮ್ ಬಾಗಿಲು ತೆಗೀತಾನೆ, "ಅಕ್ಕ ಇಲ್ಲಿ ಆರಾಮಾಗಿರುತ್ತೆ" ಅಂತ. ಅವಳು "ನನಗೆ ಆರಾಮ್ ಬೇಡಪ್ಪ, ಡಿ ಕಾಣ್ಬೇಕು" ಅಂದು (ಡಿ ಅಂದ್ರೆ ಗೋಲ್ ಮುಂದಿರೋ ಅರ್ಧ ಸುತ್ತು) ಹಾಲಲ್ಲೇ ಬಂದು ಕೂತ್ಲು. ಯಾರೂ ಏನೂ ಅನ್ಲಿಲ್ಲ, ಪಕ್ಕದ ಟೇಬಲ್ನೋರು ಕುರ್ಚಿ ಸರಿಸಿ ಜಾಗ ಮಾಡ್ಕೊಟ್ರು, ಅದು ಈ ಬಾರಿನ ಬಗ್ಗೆ ಹೇಳ್ಲೇಬೇಕಾದ ಒಳ್ಳೇ ಮಾತು.

ಈಗ ವಿಷಯಕ್ಕೆ ಬರ್ತೀನಿ. ಕ್ರಿಕೆಟ್ಟಲ್ಲಿ ಓವರ್ ಮಧ್ಯ ಟೈಮ್ ಸಿಗುತ್ತೆ, ವಿಕೆಟ್ ಬಿದ್ರೆ ಟೈಮ್ ಸಿಗುತ್ತೆ, ಅಷ್ಟ್ರಲ್ಲಿ ಸಪ್ಲೈಯರನ್ನ ಕರೆದು ಏನಿದೆ ಏನಿಲ್ಲ ಅಂತ ಕೇಳಿ ಜಗಳಾನೂ ಆಡಿ ಮುಗಿಸ್ಬಹುದು. ಹಾಕಿಲಿ ಹಂಗಾಗಲ್ಲ, 15 ನಿಮಿಷದ ನಾಲ್ಕು ಕ್ವಾರ್ಟರು, ಒಂದಕ್ಕೂ ಎರಡಕ್ಕೂ ಮಧ್ಯ ಎರಡೇ ನಿಮಿಷ, ಮೂರಕ್ಕೂ ನಾಲ್ಕಕ್ಕೂ ಮಧ್ಯ ಎರಡೇ ನಿಮಿಷ, ಹಾಫ್ ಟೈಮ್ ಒಂದೇ ಸ್ವಲ್ಪ ಉದ್ದ, ಪೆನಾಲ್ಟಿ ಕಾರ್ನರ್, ಅಂದ್ರೆ ಎದುರಾಳಿ ತಪ್ಪಿಗೆ ಗೋಲ್ ಹೊಡೆಯೋಕೆ ಸಿಗೋ ಚಾನ್ಸು, ಸಿಕ್ಕಾಗ ನಲವತ್ತು ಸೆಕೆಂಡ್ ಗಡಿಯಾರ ನಿಲ್ಲುತ್ತೆ, ಆದ್ರೆ ಆ ನಲವತ್ತು ಸೆಕೆಂಡಲ್ಲಿ ಯಾವನ್ರೀ ಕಬಾಬ್ ಆರ್ಡರ್ ಮಾಡ್ತಾನೆ, ಎಲ್ಲ ಉಸಿರು ಬಿಗಿ ಹಿಡ್ಕೊಂಡು ನಮ್ಮ ಟೀಮಲ್ಲಿ ಅದನ್ನ ಹೊಡೆಯೋ ಹರ್ಮನ್‌ಪ್ರೀತ್ ಕಾಲು ನೋಡ್ತಿರ್ತಾರೆ. ಹಿಂಗಾಗಿ ಹಾಕಿ ತೋರ್ಸೋ ಬಾರಿಗೆ ಮೂರೇ ಪರೀಕ್ಷೆ ಅಂತ ನನ್ನ ಲೆಕ್ಕ. ಟಿವಿಲಿ ಬಾಲ್ ಕಾಣ್ಬೇಕು, ಸೌಂಡ್ ಇರ್ಬೇಕು, ಸಪ್ಲೈಯರ್ ಪೆನಾಲ್ಟಿ ಕಾರ್ನರ್ ಟೈಮಲ್ಲಿ ಟಿವಿಗೆ ಅಡ್ಡ ನಿಂತು "ಸಾರ್ ಸೋಡಾನಾ ನೀರಾ" ಅನ್ಬಾರ್ದು.

ಮೂರನೇದ್ರಲ್ಲಿ ಇವ್ರು ಪಾಸು, ಬರೀ ಪಾಸಲ್ಲ, ಡಿಸ್ಟಿಂಕ್ಷನ್ನು. ಅಲ್ಲಿರೋ ಒಬ್ಬ ಹುಡುಗ ಶನಿವಾರಸಂತೆ ಕಡೆಯೋನು, ಅವನೇ ಆಟ ನೋಡ್ತಾನೆ, ಹಂಗಾಗಿ ಮ್ಯಾಚ್ ಶುರುವಾಗೋಕೆ ಮುಂಚೆನೇ ಬಂದು "ಅಣ್ಣ ಹಾಫ್ ಟೈಮ್ ತನಕದ್ದು ಈಗ್ಲೇ ಹೇಳ್ಬಿಡಿ" ಅಂತ ಬರ್ಕೊಂಡು ಹೋಗ್ತಾನೆ. ಬೆಂಗಳೂರಲ್ಲಿ ದೊಡ್ಡ ದೊಡ್ಡ ಪಬ್ಬುಗಳಲ್ಲಿ ಇಷ್ಟು ತಿಳುವಳಿಕೆ ನಾನು ನೋಡಿಲ್ಲ.

ಮೊದಲ್ನೇದ್ರಲ್ಲಿ ಫೇಲು. ದೊಡ್ಡ ಟಿವಿ ಸೈಜೇನೋ ಚೆನ್ನಾಗಿದೆ, ಆದ್ರೆ ಬಣ್ಣ ಎಲ್ಲ ಫುಲ್ ಏರಿಸಿ ಇಟ್ಟಿದಾರೆ, ನೀಲಿ ಟರ್ಫು ಕಣ್ಣಿಗೆ ಹೊಡಿಯುತ್ತೆ, ಅದ್ರ ಮೇಲೆ ಹಳೇ ಸೆಟ್ ಟಾಪ್ ಬಾಕ್ಸು, ಎಚ್‌ಡಿ ಇಲ್ಲ. ಕ್ರಿಕೆಟ್ ಬಾಲು ಮಸುಕಾದ್ರೂ ಬ್ಯಾಟ್ಸ್‌ಮನ್ ನೋಡಿ ಏನಾಯ್ತು ಅಂತ ಗೊತ್ತಾಗುತ್ತೆ, ಹಾಕಿಲಿ ಸ್ಟಿಕ್ಕಲ್ಲಿ ಎಳೆದು ಎಸೆಯೋ ಡ್ರ್ಯಾಗ್ ಫ್ಲಿಕ್ ಹೊಡೆದ್ರೆ ಬಾಲ್ ಮಾಯ, ಆಟಗಾರ್ರು ಕೈ ಎತ್ತಿದ್ರೆ ಗೋಲು ಅಂತ ಅರ್ಥ ಮಾಡ್ಕೋಬೇಕು. ಓನರಿಗೆ ಹೇಳಿದ್ರೆ "ಮಾಡ್ಸಣ ಬಿಡಿ ಸಾರ್" ಅಂತಾರೆ, ಆ ಮಾಡ್ಸಣ ಬಹಳ ಹಳೇದು.

ಸೌಂಡಿಂದು ಅರ್ಧಂಬರ್ಧ. ಕೆಳಗಡೆ ಹಾಲಲ್ಲಿ ಹಳೇ ಹಾಡು ಹಾಕಿರ್ತಾರೆ, ಮೆಟ್ಟಿಲ ಮೇಲೆ ಆ ಹಾಡು ಹತ್ಕೊಂಡು ಬರುತ್ತೆ, ಮೇಲೆ ಕಾಮೆಂಟ್ರಿ. ರೆಫರಲ್ ತಗೊಂಡಾಗ ಅಂಪೈರು ಮೇಲಿರೋ ವಿಡಿಯೋ ಅಂಪೈರ್ ಹತ್ರ ಮಾತಾಡೋದು ಟಿವಿಲಿ ಕೇಳುತ್ತಲ್ಲ, ಅದೇ ಹಾಕಿಲಿ ಒಂದು ಮಜಾ, ಅದು ಇಲ್ಲಿ ಸರಿಯಾಗಿ ಕೇಳಲ್ಲ.

2025ರ ಹಾಕಿ ಏಷ್ಯಾ ಕಪ್ ಫೈನಲ್ ದಿನದ್ದು ಹೇಳಿದ್ರೆ ಈ ಜಾಗದ ಒಳ್ಳೇದು ಕೆಟ್ಟದ್ದು ಎರಡೂ ಗೊತ್ತಾಗುತ್ತೆ. ಸೆಪ್ಟೆಂಬರ್ 7, ಭಾನುವಾರ ಸಂಜೆ, ಬಿಹಾರದ ರಾಜಗೀರಲ್ಲಿ ನಮಗೂ ಸೌತ್ ಕೊರಿಯಾಗೂ. ಗೆದ್ದೋರು ಸೀದಾ 2026ರ ವರ್ಲ್ಡ್ ಕಪ್ಪಿಗೆ, ಅದಕ್ಕೇ ಹಾಲು ಏಳು ಗಂಟೆಗೇ ತುಂಬೋಯ್ತು. ಆದ್ರೆ ದೊಡ್ಡ ಟಿವಿಲಿ ಏನ್ ಓಡ್ತಿತ್ತು ಗೊತ್ತಾ, ಇಂಗ್ಲೆಂಡ್ ಸೌತ್ ಆಫ್ರಿಕಾ ಒನ್ ಡೇ. ನಮ್ಮ ಟೀಮೇ ಇಲ್ದಿರೋ ಮ್ಯಾಚು! ಇಂಗ್ಲೆಂಡ್ ನಾನೂರು ದಾಟಿಸಿತ್ತು, ಮುಂದಿನ ಟೇಬಲ್ ಹುಡುಗರು ಆಫ್ರಿಕಾ ಚೇಸ್ ನೋಡ್ಬೇಕು ಅಂತ ಹಠ, ಈ ಕಡೆ ನಾವೆಲ್ಲ ಹಾಕಿ ಹಾಕಿ ಅಂತ. ಓನರ್ ನ್ಯಾಯ ತೀರ್ಮಾನ ಮಾಡಿದ್ರು, ದೊಡ್ಡದಕ್ಕೆ ಹಾಕಿ, ಚಿಕ್ಕದಕ್ಕೆ ಕ್ರಿಕೆಟ್ಟು. ಸರಿನೇ, ಆದ್ರೆ ರಿಮೋಟ್ ಹುಡ್ಕೋಷ್ಟರಲ್ಲಿ ಮ್ಯಾಚ್ ಶುರುವಾಗಿ ಮೊದಲ್ನೇ ನಿಮಿಷದಲ್ಲೇ ಸುಖಜೀತ್ ಗೋಲ್ ಹೊಡೆದು ಆಗಿತ್ತು, ನಾವು ನೋಡಿದ್ದು ರೀಪ್ಲೇ. ಮೊಬೈಲಲ್ಲಿ ನೋಡ್ತಿದ್ದ ಒಬ್ಬ ಕಿರುಚಿದ್ದಕ್ಕೆ ಗೊತ್ತಾಗಿದ್ದು. ಹಾಲಲ್ಲಿದ್ದೋರೆಲ್ಲ ಓನರ್ ಮೇಲೆ ಬಿದ್ರು ಬಿಡಿ.

ಚಿಕ್ಕ ಟಿವಿಲಿ ಆಮೇಲೆ ಆಫ್ರಿಕಾ ಪಟಪಟ ಅಂತ ಉದುರಿ ಕೊನೆಗೆ 72ಕ್ಕೆ ಆಲೌಟ್ ಆಯ್ತು, 342 ರನ್ನಲ್ಲಿ ಸೋಲು, ಆ ಹುಡುಗರು ಪಾಪ ಕುರ್ಚಿ ತಿರುಗಿಸ್ಕೊಂಡು ನಮ್ಮ ಕಡೆಗೇ ಬಂದ್ರು. ಅದ್ರಲ್ಲೊಬ್ಬ "ಏನ್ಲಾ ಇದು, ಸ್ಟಿಕ್ಕಿನ ಹಿಂದ್ಗಡೆಲಿ ಹೊಡುದ್ರೆ ತಪ್ಪಾ" ಅಂತ ಕೇಳಿದ್ದಕ್ಕೆ ಮೂಲೆ ಟೇಬಲ್ಲಿನ ರಿಟೈರ್ಡ್ ಪಿಟಿ ಮೇಷ್ಟ್ರು ಎದ್ದು ಬಂದು ಚಮಚ ಮತ್ತೆ ನಿಂಬೆಹಣ್ಣು ಇಟ್ಕೊಂಡು ಪಾಠ ಮಾಡಿದ್ರು. ನನಗೆ ಮ್ಯಾಚಿಗಿಂತ ಅದೇ ಹಿಡಿಸ್ತು ಅಂದ್ರೂ ಸುಳ್ಳಲ್ಲ. ಎದುರಿಗೆ ಗೋಲ್ ಕೀಪರ್ ಒಬ್ಬನೇ ಇರೋ ಪೆನಾಲ್ಟಿ ಸ್ಟ್ರೋಕನ್ನ ಜುಗರಾಜ್ ಹಾಳು ಮಾಡಿದಾಗ ಮೇಷ್ಟ್ರು ತಲೆ ಚಚ್ಕೊಂಡಿದ್ದೂ ಅಷ್ಟೇ ಜೋರು. ದಿಲ್‌ಪ್ರೀತ್ ಎರಡು ಹೊಡೆದ, ಅಮಿತ್ ರೋಹಿದಾಸ್ ಒಂದು, ಕೊರಿಯಾದೋರು ಒಂದು ವಾಪಸ್ ಕೊಟ್ರು, 4-1. 2017ರ ನಂತರ ಏಷ್ಯಾ ಕಪ್ಪು, ಒಟ್ಟು ನಾಲ್ಕನೇದು.

ಅವತ್ತೇ ಚಂದ್ರ ಗ್ರಹಣ ಬೇರೆ, ರಾತ್ರಿ ಹತ್ತು ಗಂಟೆ ಹತ್ರಕ್ಕೆ ಹಿಡಿಯೋದು. ಹಂಗಾಗಿ ಅರ್ಧ ಹಾಲಿಗೆ ಗ್ರಹಣಕ್ಕೆ ಮುಂಚೆ ಊಟ ಮುಗೀಬೇಕು, ಮೂರನೇ ಕ್ವಾರ್ಟರಲ್ಲೇ ಬಿರಿಯಾನಿ ಅನ್ನ ಸಾರು ಅಂತ ಕಿಚನ್ ಮೇಲೆ ದಾಳಿ, ಅಡುಗೆಯೋನು ಒಬ್ಬನೇ ಏನ್ ಮಾಡ್ತಾನೆ, ನಾವು ಹೇಳಿದ್ದ ಪೆಪ್ಪರ್ ಚಿಕನ್ ಕಪ್ ಎತ್ತಿದ ಮೇಲೆ ಬಂತು. ಗೆದ್ದ ಖುಷಿಲಿ ಕುಣೀಬೇಕಾದ ಜನ ಕೈ ತೊಳ್ಕೊಂಡು ಬೈಕ್ ಹತ್ತಿ ಮನೆಗೆ ಓಡಿದ್ರು. ಗ್ರಹಣಕ್ಕೂ ಎಣ್ಣೆಗೂ ಏನು ಸಂಬಂಧ ಅಂತ ಕೇಳೋಕೆ ಹೋಗ್ಬೇಡಿ, ಕುಡಿಯೋದು ಪರವಾಗಿಲ್ವಂತೆ, ತಿನ್ನೋದು ತಪ್ಪಂತೆ, ಅದು ನಮ್ಮೂರಿನ ಪಂಚಾಂಗ.

ತಿನ್ನೋದ್ರ ಬಗ್ಗೆ ಬೇಗ ಹೇಳ್ತೀನಿ. ಕಬಾಬ್ ಚೆನ್ನಾಗಿದೆ, ಬಿಸಿ ಇದ್ದಾಗ ತಿಂದ್ರೆ. ಮಸಾಲೆ ಕಡ್ಲೆಬೀಜಕ್ಕೆ ಈರುಳ್ಳಿ ಧಾರಾಳವಾಗಿ ಹಾಕ್ತಾರೆ. ಎಗ್ ಬುರ್ಜಿ ಬೇಡ, ಎಣ್ಣೆ ತೇಲುತ್ತೆ. ಪೋರ್ಕ್ ಡ್ರೈ ಮೆನುವಿನಲ್ಲಿ ಕೂರ್ಗ್ ಸ್ಟೈಲ್ ಅಂತ ಬರ್ದಿದಾರೆ, ನನಗೆ ರುಚಿ ಅನ್ಸ್ತು, ಆದ್ರೆ ಆ ಕಡೆ ಟೇಬಲ್ಲಿನ ವಿರಾಜಪೇಟೆಯೋರು ಒಂದು ತುಂಡು ಬಾಯಿಗಿಟ್ಟು "ಇದ್ರಲ್ಲಿ ಕಾಚಂಪುಳಿ ಎಲ್ಲಿದೆ, ನಿಂಬೆಹುಳಿ ಹಿಂಡಿದಾರೆ" ಅಂತ ಪ್ಲೇಟ್ ಪಕ್ಕಕ್ಕೆ ತಳ್ಳಿದ್ರು. ಕಾಚಂಪುಳಿ ಅಂದ್ರೆ ಕೊಡಗಿನ ಕಪ್ಪು ಹುಳಿ, ಅವ್ರ ಮಾತೇ ಸರಿ ಇರ್ಬೇಕು. ರೇಟು ಬಿ.ಎಂ. ರೋಡಿನ ಬಾರುಗಳಿಗೆ ಏನಿದೆಯೋ ಅದೇ, ಬಾಟಲ್ ಮೇಲಿರೋ ಎಂಆರ್‌ಪಿಗೆ ಕೊಡೋಕೆ ಇದು ವೈನ್ ಶಾಪ್ ಅಲ್ಲ, ಎಸಿಗೂ ಸೇರಿಸೇ ಹಾಕ್ತಾರೆ, ಬಿಲ್ ಒಂದ್ಸಲ ಕಣ್ಣಾಡಿಸಿ ಕೊಡಿ. ರಶ್ ಇದ್ದಾಗ ಪಕ್ಕದ ಟೇಬಲ್ ಸೋಡಾ ನಮ್ಮ ಬಿಲ್ಲಿಗೆ ಬಂದಿರುತ್ತೆ, ಹೇಳಿದ್ರೆ ತೆಗೀತಾರೆ, ಜಗಳ ಇಲ್ಲ. ಟಾಯ್ಲೆಟ್ ಬಗ್ಗೆ ಬರಿಯಲ್ಲ, ಊಟದ ಹೊತ್ತಲ್ಲಿ ಓದ್ತಿರ್ತೀರ.

ಇಷ್ಟೆಲ್ಲ ಬೈದೂ ಮತ್ತೆ ಅಲ್ಲಿಗೇ ಯಾಕೆ ಹೋಗ್ತೀನಿ ಅಂದ್ರೆ ಅಲ್ಲಿ ಬರೋ ಜನ. ಮನೇಲಿ ಎಚ್‌ಡಿ ಇದೆ, ಸೌಂಡ್ ಇದೆ, ಬಾಲೂ ಕಾಣುತ್ತೆ, ಆದ್ರೆ ಗೋಲಾದಾಗ ತಬ್ಕೊಳ್ಳೋಕೆ ಯಾರಿದಾರೆ. ಇಲ್ಲಿ ಕೊಡಗಿನ ಟೇಬಲ್ ಒಂದು ಯಾವಾಗ್ಲೂ ಇರುತ್ತೆ, ಅವ್ರಿಗೆ ಇದು ಮನೆ ವಿಷಯ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುಗೆ ಬರೋಷ್ಟರಲ್ಲಿ 360 ಟೀಮ್ ಆಗಿತ್ತು, ಗಿನ್ನೆಸ್ಸಲ್ಲೂ ಬಂತು, ಅದ್ರಲ್ಲಿ ಅವ್ರವ್ರ ಮನೆತನಕ್ಕೆ ಆಡಿರೋರೇ ಇಲ್ಲಿ ಕೂತು ಹರ್ಮನ್‌ಪ್ರೀತ್‌ಗೆ ಫ್ಲಿಕ್ ಹೇಳ್ಕೊಡ್ತಿರ್ತಾರೆ. ರಿಯೋ ಒಲಿಂಪಿಕ್ಸಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಅಂತ ನಾಲ್ಕು ಜನ ಕೊಡಗಿನೋರು ಒಂದೇ ಟೀಮಲ್ಲಿದ್ರು, ಏಷ್ಯಾ ಕಪ್ ಟೀಮಲ್ಲಿ ಒಬ್ರೂ ಇಲ್ಲ, ಎರಡನೇ ರೌಂಡ್ ಆದ್ಮೇಲೆ ಆ ಟೇಬಲ್ಲಲ್ಲಿ ಇದೇ ಚರ್ಚೆ. ಸೋಮವಾರಪೇಟೆ ಹುಡುಗರು ಸುನಿಲ್ ಓಟದ ಬಗ್ಗೆ ಶುರು ಮಾಡಿದ್ರೆ ಓನರ್ ಲೈಟ್ ಆರಿಸಿ ಎಬ್ಬಿಸ್ಬೇಕು.

ಆ ಲೈಟ್ ಆರಿಸೋದೇ ನನ್ನ ದೊಡ್ಡ ಕಂಪ್ಲೇಂಟು. ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್ ಭಾನುವಾರ ಮಧ್ಯಾಹ್ನ ಇತ್ತು, ರೋಹಿದಾಸ್‌ಗೆ ರೆಡ್ ಕಾರ್ಡ್ ಕೊಟ್ಟ ಮೇಲೆ ಹತ್ತೇ ಜನ ನಲವತ್ತು ನಿಮಿಷದ ಮೇಲೆ ಬ್ರಿಟನ್ ಎದುರು ನಿಂತು 1-1 ಮಾಡಿ ಶೂಟೌಟಲ್ಲಿ ಗೆದ್ರಲ್ಲ, ಅದನ್ನ ಇಲ್ಲೇ ನೋಡಿದ್ದು, ಗೋಲ್ ಕೀಪರ್ ಶ್ರೀಜೇಶ್ ಶೂಟೌಟಲ್ಲಿ ತಡೆದಾಗ ಕೆಳಗಡೆ ಹಾಲಿನೋರು ಏನಾಯ್ತೋ ಅಂತ ಮೆಟ್ಟಿಲು ಹತ್ಕೊಂಡು ಓಡಿ ಬಂದಿದ್ರು. ಜರ್ಮನಿ ಜೊತೆ ಸೆಮಿಫೈನಲ್ ರಾತ್ರಿ ಹತ್ತೂವರೆಗೆ. ಹಾಫ್ ಟೈಮಿಗೆ ನಾವು 2-1ರಲ್ಲಿ ಹಿಂದೆ, ಹಾಲು ಕಿಕ್ಕಿರಿದಿದೆ, ಅಷ್ಟ್ರಲ್ಲಿ ಕ್ಯಾಷಿಯರ್ "ಲಾಸ್ಟ್ ಆರ್ಡರ್" ಅಂತ ಬಂದ, ಸ್ವಲ್ಪ ಹೊತ್ತಿಗೆ ಶಟರ್ ಅರ್ಧಕ್ಕೆ ಇಳೀತು. ಅವ್ರ ತಪ್ಪಲ್ಲ, ಟೈಮ್ ಮೀರಿದ್ರೆ ಅಬಕಾರಿಯೋರಿಗೆ ಪೊಲೀಸ್ನೋರಿಗೆ ಉತ್ತರ ಹೇಳ್ಬೇಕಾದೋರು ಅವ್ರೇ. ಆದ್ರೆ ಹತ್ತೂವರೆ ಮ್ಯಾಚಿಗೆ ಲೈವ್ ಸ್ಕ್ರೀನಿಂಗ್ ಅಂತ ಫ್ಲೆಕ್ಸ್ ಕಟ್ಟಿದ್ಯಾಕೆ ಸ್ವಾಮಿ? ಸುಖಜೀತ್ ಸಮ ಮಾಡಿದ್ದನ್ನೂ, ಕೊನೇಲಿ ಜರ್ಮನಿ ಮೂರನೇದು ಹೊಡೆದಿದ್ದನ್ನೂ ಕೆಳಗೆ ರೋಡಲ್ಲಿ ಬೈಕ್ ಸೀಟ್ ಮೇಲೆ ಮೊಬೈಲ್ ಇಟ್ಕೊಂಡು ನೋಡಿದ್ವಿ, ಸುತ್ತ ಇಪ್ಪತ್ತು ತಲೆ, ಡೇಟಾ ಬೇರೆ ತಿರುಗ್ತಾ ತಿರುಗ್ತಾ. ಬೀಟ್ ಪೊಲೀಸ್ನೋರು ಗುಂಪು ಚದುರಿಸೋಕೆ ಅಂತ ಬಂದೋರು ಸ್ಕೋರ್ ಕೇಳ್ಕೊಂಡು ಎರಡು ನಿಮಿಷ ನಿಂತೇ ಹೋದ್ರು. ಆಮೇಲೆ ಕಂಚಿನ ಪದಕದ ಮ್ಯಾಚ್ ಸಂಜೆ ಐದೂವರೆಗೆ ಇದ್ದಿದ್ದಕ್ಕೆ ಬಚಾವು, ಸ್ಪೇನ್ ವಿರುದ್ಧ 2-1, ಅದು ಪೂರ್ತಿ ಟಿವಿಲೇ ನೋಡಿದ್ವಿ.

2026ರ ವರ್ಲ್ಡ್ ಕಪ್ ಬೆಲ್ಜಿಯಂ ಮತ್ತೆ ನೆದರ್‌ಲ್ಯಾಂಡ್ಸಲ್ಲಿ, ಆಗಸ್ಟ್ 15ರಿಂದ 30. ಯೂರೋಪಲ್ಲಿ ಸಂಜೆ ಆಟ ಅಂದ್ರೆ ನಮಗೆ ರಾತ್ರಿ, ಮತ್ತದೇ ಶಟರ್ ಕಥೆ ಆಗೋ ಮ್ಯಾಚುಗಳು ಇದ್ದೇ ಇರ್ತವೆ. ಮಧ್ಯಾಹ್ನ, ಸಂಜೆ ಮ್ಯಾಚಿಗೆ ಕಣ್ಣು ಮುಚ್ಕೊಂಡು ಈ ಬಾರಿಗೆ ಹೋಗಿ, ಲೇಟ್ ಮ್ಯಾಚಿಗೆ ಬೇಡ. ಬೈಕ್ ಮೇನ್ ರೋಡಲ್ಲಿ ನಿಲ್ಲಿಸ್ಬೇಡಿ, ಟ್ರಾಫಿಕ್ಕಿನೋರು ಎತ್ಕೊಂಡು ಹೋಗ್ತಾರೆ, ಬರೋವಾಗ ಆಟೋಲಿ ಬಂದ್ರೆ ಇನ್ನೂ ಒಳ್ಳೇದು, ರಾತ್ರಿ ಊದಿಸೋಕೆ ನಿಂತಿರ್ತಾರೆ. ಟೇಬಲ್ಲಿಗೆ ಫೋನ್ ಮಾಡಿ ಹೇಳಿದ್ರೆ ಇಟ್ಟಿರ್ತಾರೆ, ಆದ್ರೆ ಎಡಗಡೆ ಕಂಬದ ಪಕ್ಕದ್ದು ಕೊಟ್ರೆ ಬೇಡ ಅನ್ನಿ, ಅಲ್ಲಿಂದ ಸ್ಕೋರ್ ಕಾಣುತ್ತೆ, ಒಂದು ಕಡೆ ಗೋಲ್ ಪೋಸ್ಟು ಪೂರ್ತಿ ಕಂಬದ ಹಿಂದೆ.