ಟಾರ್ಚಿನ ಸೆಲ್ಲಿಗೆ ವಾಷರ್ ಹಾಕಿ ಕೊಟ್ಟರೆ ಅಲ್ಲಿಯೇ ಬಿಟ್ಟು ಬನ್ನಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಟಾರ್ಚು, ಸೆಲ್ಲು ಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನನ್ನ ಬಲ ಅಂಗೈಗೆ ಇನ್ನೂ ಪಟ್ಟಿ ಕಟ್ಟಿದೆ, ಎಡಗೈಯಿಂದ ಟೈಪ್ ಮಾಡುತ್ತಿದ್ದೇನೆ. ನೋವಿಗಿಂತ ನಾಚಿಕೆಯೇ ಹೆಚ್ಚಾಗಿದೆ, ಏಕೆಂದರೆ ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕ. ಶಾರ್ಟ್ ಸರ್ಕಿಟ್ ಎಂದರೇನು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವ ನಾನು, ಅಂಗಡಿಯವನು ಅದನ್ನೇ ನನ್ನ ಕಣ್ಣೆದುರು ಮಾಡಿ ಕೊಟ್ಟಾಗ ತಲೆಯಾಡಿಸಿ, ಹಣ ಕೊಟ್ಟು ಬಂದಿದ್ದೇನೆ.

ಅಫಜಲಪುರ ತಾಲ್ಲೂಕಿನಲ್ಲಿ ನಮ್ಮ ತಂದೆಯವರು ಕಬ್ಬಿಗೆ ರಾತ್ರಿ ನೀರು ಬಿಡುತ್ತಾರೆ. ತ್ರೀ ಫೇಸ್ ಕರೆಂಟು ಬರುವುದು ಆ ಹೊತ್ತಿಗೆ, ಹಾವು ಹುಳುಗಳ ಭಯವಿರುವುದೂ ಆ ಹೊತ್ತಿಗೆ. ಅವರ ಟಾರ್ಚಿನ ಸೆಲ್ ಸೋತಿತ್ತು. 18650 ಎಂದು ಕರೆಯುವ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್ ಅದು. ಎರಡು ಹೊಸ ಸೆಲ್‌ಗೆ 300 ರೂಪಾಯಿ ಕೊಟ್ಟೆ. ಮೇಲೆ 9800 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ) ಎಂದು ಅಚ್ಚಾಗಿತ್ತು. ಈ ಅಳತೆಯ ಒಳ್ಳೆಯ ಕಂಪನಿಯ ಸೆಲ್ಲಿನಲ್ಲೂ ಸಾಮಾನ್ಯವಾಗಿ 3500ರ ಆಸುಪಾಸಿಗೇ ಮುಗಿಯುತ್ತದೆ ಎಂಬುದನ್ನು ನಾನು ಕೈ ಸುಟ್ಟುಕೊಂಡ ಮೇಲೆ ಓದಿ ತಿಳಿದೆ.

ಸೆಲ್ ಹಾಕಿ ನೋಡಿದರೆ ಟಾರ್ಚು ಹತ್ತಲಿಲ್ಲ. ಹಳೆಯ ಸೆಲ್ಲಿನ ಪ್ಲಸ್ ತುದಿಯಲ್ಲಿ ಉಬ್ಬು ಇತ್ತು, ಹೊಸದರ ತಲೆ ಚಪ್ಪಟೆ. ಆಗ ಅಂಗಡಿಯವನು ಡಬ್ಬಿಯಿಂದ ಒಂದು ಕಬ್ಬಿಣದ ವಾಷರ್ ಹೆಕ್ಕಿ, ಸೆಲ್ಲಿನ ತಲೆಯ ಮೇಲಿಟ್ಟು, ಮುಚ್ಚಳ ತಿರುಗಿಸಿದ. ಬೆಳಕು ಬಂತು. “ನೋಡ್ರಿ ಸರ್, ಈಗ ಕಾಂಟ್ಯಾಕ್ಟ್ ಬಂತು” ಎಂದ. ನಾನು “ಒಳ್ಳೆ ಐಡಿಯಾ ಮಾಡಿದಿರಿ” ಎಂದೆ. ಹೌದು, ಈ ಮಾತನ್ನು ನಾನೇ ಆಡಿದೆ. ಆ ವಾಷರ್ ಇಟ್ಟ ಕ್ಷಣ ದಿನಕ್ಕೆ ಹತ್ತು ಸಲ ನೆನಪಿಗೆ ಬರುತ್ತದೆ.

ಸೆಲ್ಲಿನ ಒಂದು ತುದಿ ಪ್ಲಸ್, ಇನ್ನೊಂದು ತುದಿ ಮೈನಸ್ ಎಂದು ನಾವೆಲ್ಲ ತಿಳಿದಿರುತ್ತೇವೆ. ಆದರೆ ಈ ಸೆಲ್ಲಿನ ಲೋಹದ ಮೈಯೆಲ್ಲವೂ ಮೈನಸ್. ಪ್ಲಸ್ ಬಿಲ್ಲೆಯ ಸುತ್ತ ಇರುವ ಅಂಚು ಕೂಡ ಮೈನಸ್ಸೇ. ನಡುವೆ ಇರುವುದು ತೀರಾ ಕಿರಿದಾದ ಜಾಗ, ಅದರ ಮೇಲೆ ಒಂದು ಕಾಗದದ ಉಂಗುರ ಮತ್ತು ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಅಗಲವಾದ ವಾಷರ್ ಆ ಅಂಚಿನ ಮೇಲೆ ಕುಳಿತಿತ್ತು. ಮನೆಯಲ್ಲಿ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ, ಸ್ಪ್ರಿಂಗಿನ ಒತ್ತಡಕ್ಕೆ ವಾಷರ್ ಹೊದಿಕೆಯನ್ನು ಕೊರೆದು ಪ್ಲಸ್ಸನ್ನೂ ಮೈನಸ್ಸನ್ನೂ ನೇರವಾಗಿ ಸೇರಿಸಿರಬೇಕು, ಅದೇ ಶಾರ್ಟ್ ಸರ್ಕಿಟ್. ಸ್ವಿಚ್ ಆಫ್ ಇತ್ತು, ಆದರೂ ಟಾರ್ಚು ಹೆಂಚಿನಂತೆ ಕಾದುಹೋಯಿತು. ಅಂಗಳದ ಫರ್ಸಿಯ ಮೇಲೆ ಎಸೆಯುವಷ್ಟರಲ್ಲಿ ಅಂಗೈ ಬೆಂದಿತ್ತು. ಬುಸ್ಸೆಂಬ ಸದ್ದು, ದಟ್ಟ ಹೊಗೆ, ಆಮೇಲೆ ಢಂ ಎಂದು ಹಿಂದಿನ ಮುಚ್ಚಳ ಹಾರಿ ಬಚ್ಚಲಿನ ತಗಡಿನ ಬಾಗಿಲು ನೆಗ್ಗಿತು. ಮರುದಿನ ಅದೇ ಟಾರ್ಚು ತಂದೆಯವರ ಕೈ ಸೇರಬೇಕಾಗಿತ್ತು.

ಅಂಗಡಿಗೆ ಹೋದೆ. ಮೊದಲ ಉತ್ತರ: “ನೀವೇ ನೀರಿನ್ಯಾಗ ಇಟ್ಟಿರಬೇಕ್ರಿ ಸರ್.” ಎರಡನೆಯದು: “ವಾಷರ್ ನೀವೇ ಹಾಕು ಅಂದ್ರಿ.” ನಾನು ಹಾಗೆ ಅಂದಿಲ್ಲ, ಒಳ್ಳೆಯ ಐಡಿಯಾ ಎಂದು ಮಾತ್ರ ಅಂದೆ, ಮತ್ತು ಆ ವ್ಯತ್ಯಾಸವನ್ನು ನಾಲ್ಕು ಜನರ ಮುಂದೆ ನಿಂತು ವಿವರಿಸುವಾಗ ನನಗೇ ನಗೆಗೇಡೆನಿಸಿತು. ಮೂರನೆಯದು: “ಬಿಲ್ ಐತೇನ್ರಿ?” ಬಿಲ್ ಅವನೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಕೊನೆಗೆ, “ಇನ್ನೊಂದು ಸೆಲ್ ಪುಕ್ಕಟೆ ಒಯ್ರಿ, ಮುಗಿಸಿಬಿಡ್ರಿ” ಎಂದು ಅಂಥದ್ದನ್ನೇ ಮತ್ತೊಂದನ್ನು ಮುಂದೆ ಹಿಡಿದ!

ಉಳಿದ ಎರಡನೆಯ ಸೆಲ್ಲನ್ನು ಬೆಳಕಿಗೆ ಹಿಡಿದು ನೋಡಿದೆ. ತುದಿಗಳಲ್ಲಿ ಜೋಡಿ ಚುಕ್ಕೆಗಳಿವೆ, ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯ ಲೋಹದ ಪಟ್ಟಿ ಬೆಸೆದಿದ್ದ ಗುರುತು. ಪ್ಲಸ್ ಸುತ್ತಲಿನ ಕಾಗದದ ಉಂಗುರವೇ ಇಲ್ಲ. ಬಿಚ್ಚಿದ ಹಳೆಯ ಸೆಲ್ಲಿಗೆ ಹೊಸ ಅಂಗಿ ತೊಡಿಸಿ ಮಾರಿದ್ದಾರೆ.

ಇಂಜಿನಿಯರಿಂಗ್ ಓದುವ ನಮ್ಮ ಅಕ್ಕನ ಮಗ ಹೇಳಿದ ಇನ್ನೊಂದು ವಿಷಯವನ್ನೂ ಹೇಳಬೇಕು. ಮೆಕ್ಯಾನಿಕಲ್ ವೇಪ್ ಎಂಬ ಒಂದು ಬಗೆಯ ಇ-ಸಿಗರೇಟಿನ ಕೊಳವೆಯಲ್ಲಿ ಇದೇ ಸೆಲ್ ಇರುತ್ತದೆ, ಶಾರ್ಟ್ ಆದರೆ ಕರೆಂಟು ತಡೆಯುವ ಸರ್ಕಿಟ್ ಇರುವುದಿಲ್ಲ. ಕೆಲವು ಬಗೆಯಲ್ಲಿ ಮೇಲಿನ ಭಾಗ ನೇರವಾಗಿ ಸೆಲ್ಲಿನ ತಲೆಯ ಮೇಲೆ ಕೂರುತ್ತದೆ. ನಡುವಿನ ಪಿನ್ ಸಾಕಷ್ಟು ಮುಂದಕ್ಕೆ ಚಾಚಿರದಿದ್ದರೆ ಅದರ ಸುತ್ತಲಿನ ತಿರುಪಿನ ಲೋಹದ ಉಂಗುರವೇ ನನ್ನ ವಾಷರ್ ಮಾಡಿದ ಕೆಲಸವನ್ನು ಮಾಡುತ್ತದೆ, ಅದೂ ಬಾಯಿಯ ಹತ್ತಿರ. 2019ರ ಕಾನೂನಿನಿಂದ ಇ-ಸಿಗರೇಟುಗಳ ಮಾರಾಟ ನಮ್ಮ ದೇಶದಲ್ಲಿ ನಿಷಿದ್ಧ. ಕದ್ದು ತರಿಸಿಕೊಂಡ ಹುಡುಗರು ಕೈ ಸುಟ್ಟರೂ ಯಾರ ಮುಂದೆ ಬಾಯಿ ಬಿಡುತ್ತಾರೆ?

ಹೊದಿಕೆ ಹರಿದ, ಉಂಗುರವಿಲ್ಲದ ಸೆಲ್ ಮುಟ್ಟಬೇಡಿ. ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಇರುವ ಜೇಬಿನಲ್ಲಿ ಹಾಕಬೇಡಿ. ಕಾಂಟ್ಯಾಕ್ಟಿಗೆ ತಲುಪದ ಸೆಲ್ಲಿಗೆ ವಾಷರ್, ಬೆಳ್ಳಿ ಕಾಗದ, ಅಯಸ್ಕಾಂತ ಏನನ್ನೂ ಇಡಗೊಡಬೇಡಿ, ಇಡುವವನು ಎಷ್ಟೇ ವಿಶ್ವಾಸದಿಂದ ಮಾತಾಡಲಿ. ಬಿಲ್ ಕೇಳಿ, ಕೊಡದಿದ್ದರೆ ಎದ್ದು ಬನ್ನಿ.

ಇಂಥ ಸೆಲ್ಲಿನಿಂದ ಸುಟ್ಟುಕೊಂಡವರು, ಕೈಯಲ್ಲಿ ಬಿಲ್ ಇರುವವರು ಯಾರಾದರೂ ಇದ್ದರೆ ನನಗೆ ತಿಳಿಸಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಬರೆಯುವ ಕೆಲಸ ನನ್ನದು, ಪಟ್ಟಿ ಬಿಚ್ಚಿದ ಮೇಲೆ.